ಮೇ ಹೂವಿನ ಕೂಳೆ

ಬೆಳಿಗ್ಗೆ ಕಸ ಗುಡಿಸುವಾಗ ನಡುಮನೆಯ ಕಿಟಕಿಯ ಕೆಳಗೆ ಕೆಂಪು ಎಳೆಗಳು ಪೊರಕೆಗೆ ಸಿಕ್ಕಿದವು. ಮೇ ಹೂವು ಉದುರಲು ಶುರುವಾಗಿತ್ತು. ನೀವೂ ನೋಡಿರುತ್ತೀರಿ, ವರ್ಷಕ್ಕೊಂದೇ ಸಲ ಕುಂಡದ ಗಡ್ಡೆಯಿಂದ ದಂಟೊಂದು ಎದ್ದು ತುದಿಯಲ್ಲಿ ಕೆಂಪು ಚೆಂಡು ಅರಳುತ್ತದಲ್ಲ, ಅದು. ಆ ಹತ್ತು ದಿನ ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಉಳಿದ ಹನ್ನೊಂದು ತಿಂಗಳ ಚಾಕರಿಗೆ ನಾನೊಬ್ಬಳೇ. ಮಳೆಗಾಲವಿಡೀ ಎಲೆಗೆ ನೀರು, ಗೊಬ್ಬರ. ಕಾರ್ತಿಕದ ಹೊತ್ತಿಗೆ ಎಲೆ ತಾನಾಗಿ ಹಳದಿಯಾದ ಮೇಲೆ ನೀರು ನಿಲ್ಲಿಸಬೇಕು. ಆಮೇಲೆ ಬರೀ ಮಣ್ಣಿನ ಕುಂಡ. ಖಾಲಿಯೆಂದು ಯಾರೂ ಅದಕ್ಕೆ ಟೀ ಚರಟ ಸುರಿಯದಂತೆ ಕಾಯಬೇಕು. ದುದ್ದದ ಶಾಲೆಗೆ ದಿನವೂ ಬಸ್ಸಿನಲ್ಲಿ ನಿಂತು ಹೋಗಿಬರುವ ನನ್ನ ಮಂಡಿಗಳು ಈ ವರ್ಷ ಮಾತು ಕೇಳುತ್ತಿಲ್ಲ. ಇನ್ನೊಂದು ವರ್ಷದ ಚಾಕರಿ ನೆನೆದೇ ಗೋಡೆಗೊರಗಿದೆ. ಆಗ ನೆನಪಾದವರು ಚಿಕ್ಕಮಾವ.

ಚಿಕ್ಕಮಾವ ಎಂದರೆ ನಮ್ಮ ಯಜಮಾನರ ಚಿಕ್ಕಪ್ಪ, ಭಾರತೀನಗರದ ಹತ್ತಿರದ ಹಳ್ಳಿಯವರು. ಹೋದ ವರ್ಷದ ಹಿಂದಿನ ವರ್ಷ ಅವರ ಬಲಗೈಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಲೆಂದು ಮಂಡ್ಯದ ನಮ್ಮ ಮನೆಯಲ್ಲಿ ಮೂರು ತಿಂಗಳಿದ್ದರು. ಗದ್ದೆ ಮಕ್ಕಳ ಕೈ ಸೇರಿತ್ತು. ಅವರನ್ನು ಕುಡುಗೋಲು ಮುಟ್ಟಲೂ ಬಿಡುತ್ತಿರಲಿಲ್ಲವಂತೆ.

ಕಬ್ಬು ಕಡಿದ ಮೇಲೆ ಬುಡವನ್ನು ಮಣ್ಣಿನ ಮಟ್ಟಕ್ಕೆ ಸವರಿ, ಗೊಬ್ಬರ ಕೊಟ್ಟು, ನೀರು ಕಟ್ಟಿ ಮತ್ತೆ ಚಿಗುರಿಸುವುದಕ್ಕೆ ನಮ್ಮ ಕಡೆ ಕೂಳೆ ಬಿಡುವುದು ಎನ್ನುತ್ತೇವೆ. ಮೊದಲ ಬೆಳೆ ಯಾರು ಬೇಕಾದರೂ ಬೆಳೆಯಬಹುದು, ಕೂಳೆಯಲ್ಲೇ ರೈತನ ಕೈಗುಣ ತಿಳಿಯುವುದು ಎಂಬುದು ಚಿಕ್ಕಮಾವನ ವಾದ. ಒಂದು ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ನನ್ನ ಮೇ ಹೂವಿನ ಹಸಿರೆಲೆಗಳೆಲ್ಲ ನೆಲದಲ್ಲಿ. ಕುಂಡ ಬೋಳು. ಪಕ್ಕದಲ್ಲಿ ತರಕಾರಿ ಚಾಕು ಹಿಡಿದು ಅವರು.

"ಊವ ಮುಗುದ್ ಮ್ಯಾಕೆ ಇನ್ನೇನ್ ಕೆಲ್ಸ ಅದುಕ್ಕೆ? ಕೂಳೆ ಬುಟ್ಟಿವ್ನಿ ಕಣವ್ವ. ನೋಡ್ತಿರು, ಬರೋ ವರ್ಸ ಎಲ್ಡು ಚೆಂಡು ಬತ್ತವೆ."

ಬಸ್ಸಿನ ಸುಸ್ತೆಲ್ಲ ನಾಲಿಗೆಗೆ ಬಂತು. "ಇದೇನ್ ನಿಮ್ ಕಬ್ಬಿನ ಗದ್ದೆನಾ ಮಾವ? ಎಲೆನೇ ಇಲ್ದೆ ಗಡ್ಡೆ ಏನ್ ಉಣ್ತದೆ, ಮಣ್ಣಾ?"

"ಸರಿ ಬುಡವ್ವ" ಎಂದು ಅವರು ಬಲಗೈಯನ್ನು ಟವಲಿನೊಳಗೆ ಸೇರಿಸಿಕೊಂಡು ಎದ್ದುಹೋದರು. ಆ ಹೊತ್ತು ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟರು. ಯಜಮಾನರು ಮೆಲ್ಲಗೆ, "ಲೋಟ ಎತ್ತಕ್ಕಾಗ್ದೋರು ಚಾಕು ಹಿಡುದವ್ರೆ ಕಣೆ. ಅದ್ನ ನೋಡ್ಲಿಲ್ವಾ ನೀನು?" ಎಂದರು. ಹೋಗಿ ನೋಡಿದೆ. ಒಂದೇ ಮಟ್ಟಕ್ಕೆ, ಎಲ್ಲೂ ನಡುಗದೆ ಸವರಿದ್ದರು. ಮಕ್ಕಳ ಕಾಪಿ ತಿದ್ದುವಾಗ ತಪ್ಪಷ್ಟೇ ಕಾಣುವ ಕಣ್ಣು ನನ್ನದು.

ಮುಂದಿನ ಮೇ ತಿಂಗಳಿಗೆ ಊರಿನಿಂದ ಅವರ ಫೋನು. "ಊವ ಬಂತಾ?"

ಬಂದಿರಲಿಲ್ಲ. ಸೊರಗಿದ ಗಡ್ಡೆ ಎರಡು ಬಡಕಲು ಎಲೆ ಬಿಟ್ಟಿತ್ತು, ಅಷ್ಟೆ. ಆದರೆ ಆ ಟವಲಿನೊಳಗಿನ ಕೈ ಕಣ್ಣಿಗೆ ಕಟ್ಟಿ, "ಬಂದದೆ ಮಾವ, ಎರಡು!" ಎಂದುಬಿಟ್ಟೆ. ಒಂದು ಎಂದಿದ್ದರೂ ಸಾಕಿತ್ತು. ಎರಡು ದಿನಕ್ಕೇ ಮೊದಲ ಬಸ್ಸಿಗೆ ಹೊರಟು ಬೆಲ್ಲದಚ್ಚಿನ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

"ಎಲ್ಲವ್ವ?"

"ನೆನ್ನೆ ತಾನೆ ಉದುರೋಯ್ತು ಮಾವ."

ಕುಂಡದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಊವ ಉದುರುದ್ರೆ ದಂಟೂ ಉದುರೋಯ್ತದಾ? ಮೇಷ್ಟ್ರಮ್ಮ, ಐವತ್ ವರ್ಸ ಮಣ್ ಕೆದ್ಕಿವ್ನಿ."

ಮೂವತ್ತು ವರ್ಷ ಸುಳ್ಳು ಹೇಳಿದ ಮಕ್ಕಳನ್ನು ನಿಲ್ಲಿಸಿದ ನಾನು ಅವತ್ತು ತಲೆತಗ್ಗಿಸಿ ನಿಂತೆ. ಅವರು ಕುರ್ಚಿ ಎಳೆದು ಕೂತರು. "ಬರ್ನಿಲ್ಲ ಅನ್ನು. ಕೆಡ್ಸಾಕ್ದೆ ಅಂತ ಬಯ್ಯಿ. ನಮ್ ಮನೇಲಿ ನನ್ನ ಬಯ್ಯೋರೇ ಇಲ್ಲ ಕಣವ್ವ, ಎಲ್ಲಾ 'ಸುಮ್ನಿರಪ್ಪ' ಅಂತಾರೆ. ಅವತ್ತು ನೀನೊಬ್ಳೇ ಬಯ್ದೆ. ಈಗ ನೀನೂ ಸುಳ್ ಯೋಳಿ ನನ್ನ ಮುದುಕ್ನ ಮಾಡ್ಬ್ಯಾಡ."

ಆಮೇಲೆ, "ಈಗ ಯೋಳು, ಈ ಬೆಳೆ ಎಂಗ್ ಮಾಡ್ಬೇಕು?" ಎಂದರು. ಹೇಳಿದೆ. ಕೊನೆಯವರೆಗೂ ಕೇಳಿ ನಕ್ಕರು: "ಕಡುದು ಉಳ್ಸೋದು ನಂಗೊತ್ತಿತ್ತು. ಕಡೀದೆ ಕಾಯೋದು ಈಗ ಕಲ್ತಂಗಾಯ್ತು."

ಈ ವರ್ಷ ಒಂದೇ ಚೆಂಡು ಬಂತು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದೂ ಇವತ್ತು ನೆಲ ಸೇರುತ್ತಿದೆ. ಫೋನು ಮಾಡಿ ತಿಳಿಸಿದೆ.

"ಉದುರ್ಲಿ ಬುಡು. ಎಲೆ ಮಾತ್ರ ಮುಟ್ಬ್ಯಾಡ" ಎಂದು ನನಗೇ ಪಾಠ ಹೇಳಿದರು. "ನೀನೆಂಗಿದ್ದೀಯವ್ವ?"

ಚೆನ್ನಾಗಿದ್ದೀನಿ ಎನ್ನುವುದು ತುಟಿಯವರೆಗೂ ಬಂದಿತ್ತು. ವರ್ಷಗಟ್ಟಲೆ ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಅವರಿಗೆ ಹೇಳಲು ನಾಲಿಗೆ ಏಳಲಿಲ್ಲ.

"ಸುಸ್ತಾಗೋಗಿದೆ ಮಾವ. ಮಲಗಿ ಎದ್ದರೂ ಸುಸ್ತು."

"ಅಂಗ್ ಬಾಯ್ಬುಟ್ಟು ಯೋಳು ಮತ್ತೆ! ಎಲ್ಲವ್ನೆ ಅವ್ನು? ಫೋನ್ ಕೊಡು."

ಕೊಟ್ಟೆ. ಯಜಮಾನರು ಐದು ನಿಮಿಷ "ಊಂ ಚಿಕ್ಕಪ್ಪ, ಊಂ" ಎಂದಷ್ಟೇ ಅಂದು ಫೋನಿಟ್ಟರು. ಒಂದು ಸಲ ನನ್ನ ಮುಖ ನೋಡಿ ಅಡುಗೆಮನೆಗೆ ಹೋದರು. ಡಬ್ಬಗಳ ಸದ್ದಾಯಿತು.

"ಕಾಫಿಪುಡಿ ಎಲ್ಲಿಟ್ಟಿದ್ದೀಯೆ?"

"ಹುಡುಕ್ಕೊಳಿ" ಎಂದೆ. ಏಳಲಿಲ್ಲ.