ಚಂದ್ರಶಿಲೆ ಹತ್ತುವ ಮುನ್ನ ಅತ್ತೆಯ ಜಳಕ

ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತಿದ್ದಾಗ ಫೋನು ಬಂತು. ಕೈತುಂಬ ಹಿಟ್ಟು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ. ಮಾತಾಡಿದವರು ನಮ್ಮ ಓಣಿಯ ಅಕ್ಕೋರು. ಶಾಲೆಯಿಂದ ನಿವೃತ್ತರಾದ ಮೇಲೆ ಸುರಪುರದ ನಮ್ಮಂಥ ಹೆಣ್ಣುಮಕ್ಕಳನ್ನು ಕೂಡಿಸಿ ಯಾತ್ರೆಗೆ ಕರೆದೊಯ್ಯುವವರು ಅವರೇ. ಈ ಸಲ ಹಿಮಾಲಯದ ತುಂಗನಾಥ. ಅಲ್ಲಿ ಶಿವನ ಗುಡಿ ಇದೆ. ಗುಡಿಯಿಂದ ಇನ್ನೂ ಮೇಲೆ ಹತ್ತಿದರೆ ಚಂದ್ರಶಿಲೆ ಎಂಬ ತುದಿ, ಮರ ಕೂಡ ಬೆಳೆಯದಷ್ಟು ಎತ್ತರ. ಒಂದೇ ದಿನದಲ್ಲಿ ಹತ್ತಿ ಇಳಿಯಬೇಕು.

“ಬೆಳಕು ಹರಿಯೂಕಿಂತ ಮೊದಲ ಹೊಂಡೂದು ಪಕ್ಕಾ ಆತ್ರಿ. ಮಧ್ಯಾಹ್ನಕ್ಕ ಮ್ಯಾಲ ಮೋಡ ಕವೀತಾವಂತ. ಇನ್ನೊಂದು ಮಾತು, ಖಾಲಿ ಹೊಟ್ಟಿಲೆ ಯಾರನ್ನೂ ಹತ್ತಿಸಂಗಿಲ್ಲ. ನಿಮ್ಮತ್ತಿಗೆ ಈಗ ಹೇಳಿಬಿಡ್ರಿ.”

ಹೇಳುವ ಅಗತ್ಯ ಬೀಳಲಿಲ್ಲ. ಅತ್ತೆ ಬಾಗಿಲಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

ನಮ್ಮತ್ತೆ ಜಳಕವಿಲ್ಲದೆ ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವವರಲ್ಲ. ಲಿಂಗಪೂಜೆಯಾಗದೆ ಹನಿ ನೀರೂ ಗಂಟಲಿಗೆ ಇಳಿಯದು. ಆ ಬೆಟ್ಟದ ಬುಡದಲ್ಲಿ ಅಷ್ಟು ಬೇಗ ಬಿಸಿನೀರು ಸಿಗುವುದಿಲ್ಲವೆಂದು ಅಕ್ಕೋರು ಮೊದಲೇ ಹೇಳಿದ್ದರು. ಆ ಥಂಡಿಯಲ್ಲಿ ತಣ್ಣೀರು ಸುರಿದುಕೊಳ್ಳುವುದು ಅತ್ತೆಯ ವಯಸ್ಸಿಗೆ ಆಗದ ಮಾತು.

“ಅದಕ್ಕೇನಾತು? ಉಪಾಸ ಹತ್ತತೇನಿ,” ಅಂದರು ಅತ್ತೆ. “ಇಳದ ಬಂದು ಜಳಕ, ಪೂಜಿ, ಊಟ. ಶ್ರಾವಣದಾಗ ಎಷ್ಟು ಉಪಾಸ ಮಾಡಿಲ್ಲ ನಾ?”

ಕುದುರೆಗಳೂ ಸಿಗುತ್ತವಂತೆ ಎಂದೆ.

“ಶಿವನ ಮುಂದ ಕುದುರಿ ಏರಿ ಹೋಗಾಕ ನಾ ಏನ್ ಸುರಪುರದ ರಾಣಿ ಅದೀನೇನು? ಈ ಕಾಲು ಹೊಲಾ ತುಳದಾವು, ಮನಿ ತುಳದಾವು. ಒಮ್ಮಿ ಆ ತುದೀನೂ ತುಳೀಲಿ.”

ಒಳಗಿನಿಂದ ನಮ್ಮನೆಯವರು ನಕ್ಕರು. “ನಮ್ಮವ್ವ ಹತ್ತತಾಳ ಬಿಡು. ಮಾಳಗಿ ಏರಾಕ ಏದಸೋ ನಿನ್ನ ಕತಿ ಹ್ಯಾಂಗ?”

ಅಭ್ಯಾಸಕ್ಕೆಂದು ಮುಂದಿನ ಭಾನುವಾರ ಯಾತ್ರೆಗೆ ಹೊರಟವರೆಲ್ಲ ಕೂಡಿ ಯಾದಗಿರಿಯ ಕೋಟೆ ಹತ್ತುವುದೆಂದಾಯಿತು. ಅಲ್ಲಿ ಹೇಗೋ ಇಲ್ಲೂ ಹಾಗೇ ಎಂದು ಅತ್ತೆ ಜಳಕ, ಪೂಜೆ, ನೀರು ಯಾವುದೂ ಇಲ್ಲದೆ ಮೊದಲ ಬಸ್ಸಿಗೆ ಹೊರಟರು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದೂ ಶಿವನ ದಯೆ. ಶಹಾಪುರದ ಹತ್ತಿರ, ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಬಂದಾಗ ಅತ್ತೆ ಕೈಮುಗಿದು, “ಶಾಣ್ಯಾ ನೋಡು. ಹತ್ತೂ ತ್ರಾಸ ಬ್ಯಾಡಂತ ತಾನ ಗುಡ್ಡಾಗಿ ಮಲಗ್ಯಾನ,” ಅಂದರು. ಬಸ್ಸಿನಲ್ಲಿದ್ದ ನಮ್ಮ ಬಳಗವೆಲ್ಲ ನಕ್ಕಿತು.

ಕೋಟೆಯ ಮೆಟ್ಟಿಲುಗಳನ್ನು ಮೊದಮೊದಲು ಅತ್ತೆಯೇ ಎಲ್ಲರಿಗಿಂತ ಮುಂದೆ ಹತ್ತಿದರು. ಅರ್ಧ ದಾರಿಯಾದ ಮೇಲೆ ತಿರುವಿನಲ್ಲಿ ನೋಡಿದರೆ ಬಂಡೆಗೆ ಒರಗಿ ಕುಳಿತಿದ್ದಾರೆ, ಮುಖ ಬಿಳಿಚಿದೆ, ತುಟಿ ಒಣಗಿದೆ. ನೀರಿನ ಬಾಟಲಿ ಹಿಡಿದೆ. ಬಾಯಿ ಬಿಗಿಹಿಡಿದು ಮುಖ ತಿರುಗಿಸಿದರು.

ಅಕ್ಕೋರು ಪಕ್ಕ ಕುಳಿತು ಸೆರಗಿನಿಂದ ಗಾಳಿ ಹಾಕಿದರು. ದನಿ ಮೆತ್ತಗಿತ್ತು, ಮಾತು ಮೆತ್ತಗಿರಲಿಲ್ಲ. “ಇಲ್ಲಿ ಕುಂತ್ರ ಕೆಳಗ ಊರದ. ಅಲ್ಲಿ ಹಿಂಗ ಕುಂತ್ರ ಹೊತಗೊಂಡು ಇಳಸೋರು ಯಾರ್ರೀ? ಸಿಟ್ಟಾಗಬ್ಯಾಡ್ರಿ, ಹಿಂಗಿದ್ರ ನಿಮ್ಮನ್ನ ಕರಕೊಂಡು ಹೋಗಂಗಿಲ್ಲ.”

ಅತ್ತೆ ಮರಳುವಾಗ ಬುದ್ಧನ ಗುಡ್ಡದ ಕಡೆ ನೋಡಲೂ ಇಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತ ಅತ್ತೆ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ತಿಕ್ಕುತ್ತಿದ್ದರು. ಆ ಬೆರಳುಗಳನ್ನು ನೋಡುತ್ತಿದ್ದಂತೆ ನನಗೆ ಹಳೆಯದೊಂದು ನೆನಪಾಯಿತು.

“ಅತ್ತಿ, ನಾ ಬಾಣಂತಿ ಇದ್ದಾಗ ಜ್ವರ ಬಂದಿತ್ತಲ್ರಿ, ನೆನಪದ ಏನು?”

ಆಗ ಮೈಗೆ ನೀರು ಸೋಕಿಸಬಾರದೆಂದು ಡಾಕ್ಟರು ಹೇಳಿದ್ದರು. ಜಳಕವಿಲ್ಲದೆ ಪೂಜೆ ಹೇಗೆ, ಪೂಜೆಯಿಲ್ಲದೆ ಗಂಜಿ ಹೇಗೆ ಎಂದು ನಾನು ಹಟ ಹಿಡಿದಿದ್ದೆ. ಅತ್ತೆ ವಿಭೂತಿ ಪುಡಿ ಮಾಡಿ ನನ್ನ ಹಣೆಗೆ, ತೋಳಿಗೆ, ಪಾದಕ್ಕೆ ಹಚ್ಚಿ, ಲಿಂಗವನ್ನು ಅಂಗೈಮೇಲಿಟ್ಟಿದ್ದರು. “ಇದ ಜಳಕ. ಶಿವಾ ತಾನ ಬೂದಿ ಬಡಕೊಂಡು ಕುಂತಾನ, ನಿನಗ ನೀರು ಕೇಳ್ತಾನೇನು? ಪೂಜಿ ಮಾಡಿ ಗಂಜಿ ಕುಡಿ,” ಅಂದಿದ್ದರು.

ಅದನ್ನೇ ನೆನಪಿಸಿದೆ.

“ಅದು ನಿನಗ ಹೇಳಿದ್ದು,” ಅಂದರು.

“ನಿಮಗೊಬ್ಬ, ನನಗೊಬ್ಬ ಶಿವಾ ಅದಾನೇನ್ರಿ?”

ಅವರು ಕಣ್ಣು ಮುಚ್ಚಿ ಪೂಜೆ ಮುಂದುವರಿಸಿದರು. ನಾನು ಹೆಚ್ಚು ಮಾತಾಡಿದೆನೇನೋ ಎಂದು ಅಳುಕಿ ಅಡುಗೆಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಅಲ್ಲಿಗೇ ಬಂದು ಚಹಾ ಕೇಳಿದರು. “ನನ್ನ ಬಡಿಗಿ ತಗೊಂಡು ನನಗ ಬಡದಿ ನೋಡು. ಬರೋ ಐತಾರ ಇನ್ನೊಮ್ಮಿ ಹತ್ತೂಣಂತ ಅಕ್ಕೋರಿಗೆ ಫೋನ್ ಹಚ್ಚು.”

ಆ ಭಾನುವಾರ ಅತ್ತೆ ಹಂಡೆಯ ಕಡೆ ಹೋಗಲೇ ಇಲ್ಲ. ಮೈಗೆ ವಿಭೂತಿ ಹಚ್ಚಿಕೊಂಡರು, ಲಿಂಗಪೂಜೆ ಮುಗಿಸಿದರು, ಕಟಕ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿಂದು ಬಟ್ಟಲು ಖಾಲಿ ಮಾಡಿದರು. ಕೋಟೆಯಲ್ಲಿ ನಾನು ನಿಂತು ನಿಂತು ಹತ್ತಿ ತುದಿ ಮುಟ್ಟುವಷ್ಟರಲ್ಲಿ ಅವರು ಹಳೆಯ ಫಿರಂಗಿಯ ಪಕ್ಕ ಕಾಲು ಚಾಚಿ ಕುಳಿತಿದ್ದರು. ದೂರದಲ್ಲಿ ಭೀಮಾ ನದಿ ಹೊಳೆಯುತ್ತಿತ್ತು, ತಂಪು ಗಾಳಿ ಬೀಸುತ್ತಿತ್ತು.

“ಬಂದ್ಯಾ ಯವ್ವಾ? ನಾ ಒಂದ್ ನಿದ್ದಿ ಮಾಡಿ ಎದ್ದೆ.”

ಅಕ್ಕೋರು ಏದುಸಿರಿನಲ್ಲೇ ನಕ್ಕು, “ಆತ್ರಿ, ನಿಮ್ಮನ್ನ ಬಿಟ್ಟು ಹೋಗಂಗಿಲ್ಲ,” ಅಂದರು.

“ಅಲ್ಲೀನೂ ಹಿಂಗ ತಿಂದ ಹತ್ತತೇನಿ. ತುದಿಮ್ಯಾಗ ಹೋಗಿ ಇನ್ನೊಮ್ಮಿ ಪೂಜಿ ಮಾಡ್ತೇನಿ. ಶಿವಾ ಏನ್ ಸಾಕು ಅಂತಾನೇನು?” ಅಂದರು ಅತ್ತೆ.

ಇವತ್ತು ಮುಂಜಾನೆ ಅಕ್ಕೋರು ಫೋನು ಮಾಡಿದ್ದರು, ಇಬ್ಬರಿಗೂ ರೈಲಿನ ಟಿಕೀಟು ಆಗಿದೆ. ಅತ್ತೆಯ ಸ್ವೆಟರಿನ ಜೇಬಿಗೆ ವಿಭೂತಿ ಗಟ್ಟಿ ಈಗಾಗಲೇ ಸೇರಿದೆ. ಕೋಟೆ ಹತ್ತಿ ಬಂದಿದ್ದ ನನ್ನ ಮೊಣಕಾಲಿನ ನೋವೂ ಈ ವಾರ ಕಡಿಮೆ. ಇಷ್ಟು ನಡೆಸಿಕೊಟ್ಟವನು ಮುಂದಿನದನ್ನೂ ನಡೆಸಿಯಾನು. ದಾರಿಗೆ ಕಟಕ ರೊಟ್ಟಿ ಬಹಳ ಬೇಕು, ಬಡಿದು ಒಣಗಿಸಬೇಕು. ಹಂಚು ಕಾದಿತ್ತು. ನೀರು ಚಿಮುಕಿಸಿ ನೋಡಿ, ಮೊದಲ ರೊಟ್ಟಿ ಬಡಿಯಲು ಕುಳಿತೆ.