ಈರಕ್ಕನ ಮೊಳಕೆ ರಾಗಿ

ಸಿಂಗಟಗೆರೆಯ ಕೂಸುಗಳಿಗೆಲ್ಲ ಮೊದಲ ತುತ್ತಿನ ಹಿಟ್ಟು ಹೋಗುತ್ತಿದ್ದುದು ಈರಕ್ಕನ ಮನೆಯಿಂದ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು, ಬೀಸಿ ಕೊಡುತ್ತಿದ್ದಳು. "ಬರೀ ರಾಗಿ ಎಳೇ ಹೊಟ್ಟೆಗೆ ಕಲ್ಲು ಕಣೇ. ಮೊಳಕೆ ಬಂದ್ರೆ ಹಾಲಿನಂಗೆ ಅರಗ್ತದೆ, ಮೂಳೆ ಗಟ್ಟಿಯಾಯ್ತದೆ" ಎನ್ನುವಳು.

ಜರ್ಮನ್ ಯುದ್ಧ ಮುಗಿಯುವ ವರ್ಷ, ಬೀರೂರಿನಲ್ಲಿ ರೈಲಿಳಿದ ಜ್ವರ ಆ ಊರಿಗೂ ಬಂತು. ಎದುರು ಮನೆಯ ತಿಮ್ಮಕ್ಕನ ಸೊಸೆ ಮಲಗಿದಳು, ಎದೆಹಾಲು ಬತ್ತಿತು. ಅವಳ ಕೂಸಿಗೆಂದು ಈರಕ್ಕ ರಾಗಿ ಕಟ್ಟಿಟ್ಟಳು. ಅದು ಮೊಳೆಯುವಷ್ಟರಲ್ಲಿ ಅದೇ ಜ್ವರಕ್ಕೆ ಈರಕ್ಕನ ಒಬ್ಬನೇ ಮಗ ಕಲ್ಲಪ್ಪ ಸತ್ತ.

ಮಗನನ್ನು ಮಣ್ಣು ಮಾಡಿ ಬಂದು ಗಂಟು ಬಿಚ್ಚಿದರೆ, ರಾಗಿಯ ತುಂಬ ಬಿಳೀ ಮೊಳಕೆ. ಹಾಳು ರಾಗಿಗೆ ಸಾವೇನು ಗೊತ್ತು? ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ಅಳುತ್ತಲೇ ಹುರಿದು, ಅಳುತ್ತಲೇ ಬೀಸಿ, ಹಿಟ್ಟು ಹಿಡಿದು ಎದುರು ಮನೆಯ ಬಾಗಿಲಲ್ಲಿ ನಿಂತಳು.

ತಿಮ್ಮಕ್ಕ ಹೊಸಿಲು ದಾಟಲಿಲ್ಲ. "ಸೂತಕದ ಮನೆ ಹಿಟ್ಟು ಕಣಕ್ಕಾ. ಮೊದಲ್ನೇ ತುತ್ತು ಹೆಂಗೆ ಇಕ್ಕಾನ? ಸೂತಕ ಕಳೀಲಿ, ನಾನೇ ಬಂದು ಈಸ್ಕೊಂಡು ಹೋಯ್ತೀನಿ."

ಈರಕ್ಕ ಹಿಟ್ಟು ಹಿಡಿದು ಮನೆಗೆ ಮರಳಿದಳು. ತಿಮ್ಮಕ್ಕನ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದಳು. ಹಿಟ್ಟಿನ ಮಡಕೆಯ ಬಾಯಿ ಕಟ್ಟಿ, ಗೋಡೆಗೊರಗಿ, ಎದುರು ಮನೆಯ ಕೂಸಿನ ಅಳು ಕೇಳುತ್ತ ಕೂತಳು. ಅಳು ದಿನದಿಂದ ದಿನಕ್ಕೆ ಸಣ್ಣದಾಯಿತು. ಸೂತಕ ಕಳೆಯುವ ಮೊದಲೇ ನಿಂತುಹೋಯಿತು.

ಈಗ ಎದುರು ಮನೆಗೂ ಸೂತಕ. ಹಿಟ್ಟು ಕೊಡಲು ಯಾವ ಅಡ್ಡಿಯೂ ಇರಲಿಲ್ಲ, ಉಣ್ಣುವ ಕೂಸಿರಲಿಲ್ಲ.