ಫಲಕದ ಮೂರನೇ ಸಾಲು

ನಾನು ಪಾಠ ಹೇಳುವ ಕಾಲೇಜಿನ ಮುಂಬಾಗಿಲಲ್ಲಿ ಕಪ್ಪು ಗ್ರಾನೈಟಿನ ಮೇಲೆ ಚಿನ್ನದ ಬಣ್ಣದಲ್ಲಿ ನಮ್ಮ ಧ್ಯೇಯ ಬರೆದಿದೆ. ಮೂರನೇ ಸಾಲು ಹೀಗಿದೆ: ‘ನಮ್ಮ ತಂತ್ರಜ್ಞಾನ ಸುತ್ತಲಿನ ಜನರ ಮನೆ ಬಾಗಿಲಿಗೆ ತಲುಪಬೇಕು.’ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜು ಅಂದಮೇಲೆ ಧ್ಯೇಯ ಇರಲೇಬೇಕು. ತಪಾಸಣೆಗೆ ಸಮಿತಿ ಬಂದಾಗ ಯಾರನ್ನು ಕೇಳಿದರೂ ಕಣ್ಣುಮುಚ್ಚಿ ಒಪ್ಪಿಸಬೇಕು. ಮಾಗಡಿ, ಕನಕಪುರದ ಕಡೆಯಿಂದ ಬಸ್ಸು ಬದಲಿಸಿ ಬರುವ ಮಕ್ಕಳಿಗೆ ಈ ವಾರವೆಲ್ಲ ಪಾಠ ಬಿಟ್ಟು ಇದನ್ನೇ ಬಾಯಿಪಾಠ ಮಾಡಿಸುತ್ತಿದ್ದೇನೆ. ಮೂರನೇ ಸಾಲು ಬಂದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತೇನೆ.

ಕಾರಣ ಇದೆ. ನಾನು ಓದಿದ್ದೂ ಇದೇ ಕಾಲೇಜಿನಲ್ಲಿ. ನಮ್ಮದು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆ. ಅಮ್ಮಿ, ಅಂದರೆ ನನ್ನ ತಾಯಿ, ಬಿಸಿನೀರಿನಲ್ಲಿ ಬೇಯುವ ಗೂಡುಗಳ ನಡುವೆ ಕೈ ಹಾಕಿ, ಎಳೆಯ ತುದಿ ಹುಡುಕಿ ಹುಡುಕಿಯೇ ನನ್ನನ್ನು ಓದಿಸಿದಳು. ಅವಳ ಬೆರಳುಗಳು ಯಾವಾಗಲೂ ಬೆಳ್ಳಗೆ ಊದಿಕೊಂಡು, ಸಂದಿಗಳಲ್ಲಿ ಚರ್ಮ ಸುಲಿದಿರುತ್ತಿದ್ದವು. ಸಾರಿಗೆ ಉಪ್ಪು ಹಾಕುವುದಕ್ಕೆ ನನ್ನನ್ನು ಕರೆಯುತ್ತಿದ್ದಳು. ಅವಳು ಉಪ್ಪು ಮುಟ್ಟುವ ಹಾಗಿರಲಿಲ್ಲ, ಅಷ್ಟು ಉರಿ.

ಅದಕ್ಕೇ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನೂ ಹೊಂಗನೂರಿನ ನನ್ನ ಗೆಳತಿಯೂ ಸೇರಿ ಒಂದು ಯಂತ್ರ ಮಾಡಿದೆವು. ದೊಡ್ಡ ವಿದ್ಯೆಯೇನಲ್ಲ. ಕರೆಂಟಿನಲ್ಲೇ ನೀರು ಕಾಯುವ ಒಂದು ತೊಟ್ಟಿ, ಅದರ ಮೇಲೆ ನಿಧಾನಕ್ಕೆ ತಿರುಗುವ ಒಂದು ಬ್ರಷ್ಷು. ಎಳೆಯ ತುದಿಯನ್ನು ಅದೇ ಹುಡುಕಿ ಕೊಡುತ್ತದೆ, ಕೈ ನೀರಿಗಿಳಿಯಬೇಕಿಲ್ಲ. ಗೆಳತಿಯ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು, ಅವರ ಗೂಡಿನಲ್ಲೇ ಪರೀಕ್ಷೆ ಮಾಡಿದೆವು. ಓಡಿತು. ಆಗಿನ ವಿಭಾಗದ ಮುಖ್ಯಸ್ಥರು ಹಿಗ್ಗಿಹೋಗಿ, ‘ಸಮಿತಿ ಬಂದ ದಿನ ನಿಮ್ಮ ತಾಯಿಯನ್ನೇ ಕರೆಸಿ ಇದನ್ನು ಕೊಡೋಣ’ ಅಂದರು. ತೋರಿಸೋಣ ಅನ್ನಲಿಲ್ಲ, ಕೊಡೋಣ ಅಂದರು. ನನ್ನ ಕಿವಿಯಾರೆ ಕೇಳಿದ ಮಾತು.

ಅಮ್ಮಿ ನಂಬಿದಳು. ನಂಬಿ, ಹಿಂದಿನ ದಿನವೇ ಶೆಡ್ಡಿನಲ್ಲಿ ಗೂಡು ಬೇಯಿಸುತ್ತಿದ್ದ ಹಳೇ ಒಲೆ ಕೆಡವಿಸಿ, ನೆಲ ತೊಳೆದು, ಯಂತ್ರಕ್ಕೆ ಜಾಗ ಮಾಡಿದಳು. ಮಾರುಕಟ್ಟೆಯಿಂದ ತಂದ ಗೂಡು ಮೂಲೆಯಲ್ಲಿ ಸಿದ್ಧವಾಗಿತ್ತು. ಮರುದಿನ ಕಾಲೇಜು ಕಳಿಸಿದ ಆಟೋದಲ್ಲಿ ಹಬ್ಬದ ಸೀರೆ ಉಟ್ಟುಕೊಂಡು ಬಂದಳು.

ಸಮಿತಿಯ ಹಿರಿಯರು, ‘ಯಂತ್ರ ಹೇಗಿದೆಯಮ್ಮಾ?’ ಎಂದು ಕೇಳಿದರು. ‘ತುಂಬಾ ಅನುಕೂಲ ಸಾರ್’ ಎನ್ನಬೇಕೆಂದು ಮುಖ್ಯಸ್ಥರು ಮೊದಲೇ ಹೇಳಿಕೊಟ್ಟಿದ್ದರು. ಅದನ್ನು ಹೇಳಿ ಮುಗಿಸಿ ಅಮ್ಮಿ ತನ್ನದೊಂದು ಮಾತು ಸೇರಿಸಿದಳು: ‘ಮನೆಗ್ ಯಾವಾಗ್ ತಕಂಡೋಗ್ಲಿ ಸಾರ್? ಒಲೆ ಕೆಡವ್ಬುಟ್ಟಿವ್ನಿ.’

ಎಲ್ಲರೂ ನಕ್ಕರು. ನಕ್ಕರು! ಒಲೆ ಕಳೆದುಕೊಂಡ ಹೆಂಗಸು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. ಮುಖ್ಯಸ್ಥರಂತೂ, ‘ಕಮ್ಯುನಿಟಿ ಜೊತೆ ನಮ್ಮ ಬಾಂಧವ್ಯ ಹೀಗಿದೆ ಸಾರ್’ ಎಂದು ಬೀಗಿದರು. ಆಮೇಲೆ ಫೋಟೋ ತೆಗೆಯುವವನು ಬಂದ. ‘ಅಮ್ಮಾ, ಕೈ ಒಸಿ ಸೆರಗೊಳಗೆ ಇಟ್ಕಳಿ. ಫೋಟೋದಲ್ಲಿ ಚೆಂದಾಗ್ ಕಾಣಕ್ಕಿಲ್ಲ’ ಅಂದ. ಅಮ್ಮಿ ಮುಚ್ಚಿಕೊಂಡಳು. ಯಾವ ಕೈಗೆಂದು ಆ ಯಂತ್ರ ಮಾಡಿದ್ದೆವೋ ಆ ಕೈಯೇ ಅದರ ಪಕ್ಕ ಇರುವಂತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಸಮಿತಿಯ ಕಾರು ಗೇಟು ದಾಟಿದ್ದೇ ತಡ, ಯಂತ್ರವನ್ನು ಗಾಜಿನ ಕೋಣೆಗೆ ತಳ್ಳಿ ಬೀಗ ಹಾಕಿದರು. ನಾನು ಕೇಳಿದ್ದಕ್ಕೆ ಮುಖ್ಯಸ್ಥರು, ‘ಕಾಲೇಜಿನ ಆಸ್ತಿ ಅಲ್ವೇನಮ್ಮಾ, ಮುಂದಿನ ಸಮಿತಿಗೂ ತೋರಿಸಬೇಕಲ್ಲ’ ಅಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದನ್ನೂ ಗ್ರಾನೈಟಿನ ಮೇಲೆ ಕೆತ್ತಿಸಬಹುದಿತ್ತು.

ಗೂಡು ಯಾರ ಸಮಿತಿಗೂ ಕಾಯುವುದಿಲ್ಲ. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ, ಆಮೇಲೆ ಅದನ್ನು ಬಿಚ್ಚುವುದಕ್ಕಾಗುವುದಿಲ್ಲ. ಅವತ್ತು ಸಂಜೆ ನಾನೂ ಅಮ್ಮಿಯೂ ಇಟ್ಟಿಗೆ ಜೋಡಿಸಿ, ಮಣ್ಣು ಕಲಸಿ ಒಲೆ ಕಟ್ಟಿದೆವು. ಸುಲಿದ ಕೈಯಲ್ಲೇ ಅಮ್ಮಿ ಹಸಿಮಣ್ಣು ಮೆತ್ತಿದಳು. ಒಲೆ ಒಣಗುವಷ್ಟರಲ್ಲಿ ಎಷ್ಟೋ ಗೂಡು ತೂತಾಗಿದ್ದವು. ಆದರೂ ಅಮ್ಮಿ ಕಾಲೇಜಿನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ‘ನಿನಗೆ ಮಾರ್ಕ್ಸ್ ಬಂತಲ್ಲ’ ಅಂದಳು. ಕಾಲೇಜಿನ ಮೇಲಿದ್ದ ಸಿಟ್ಟು ಆ ಮಾತಿಗೆ ಇನ್ನೂ ಏರಿತು.

ಇಲ್ಲಿ ಕೆಲಸಕ್ಕೆ ಸೇರಿದ ಮೇಲೂ ಯಂತ್ರ ಬಿಡಿಸಿಕೊಡಿ ಎಂದು ಕೇಳುತ್ತಲೇ ಬಂದಿದ್ದೇನೆ. ಉತ್ತರ ಒಂದೇ: ‘ಸಮಿತಿ ಬಂದು ಹೋಗಲಿ.’ ಸಮಿತಿ ಬರುತ್ತದೆ, ಹೋಗುತ್ತದೆ. ಯಂತ್ರಕ್ಕೆ ಹೊಸ ಬಣ್ಣ ಬಳಿಯುತ್ತಾರೆ, ಅಷ್ಟೆ. ಊಟಕ್ಕಿಲ್ಲದ ಉಪ್ಪಿನಕಾಯಿ. ಬೇರೆಯದು ಮಾಡಿಕೊಡುತ್ತೇನೆಂದರೆ ಅಮ್ಮಿ ಒಪ್ಪುವುದಿಲ್ಲ. ನಮ್ಮ ಮನೆಮಾತು ಉರ್ದು, ಆದರೆ ಹಟ ಹಿಡಿದಾಗ ಅವಳ ಬಾಯಲ್ಲಿ ಬರುವುದು ಊರಿನ ಕನ್ನಡ: ‘ನಂಗಂತ ಮಾಡಿದ್ದು ಅಲ್ಲೈತೆ. ಇನ್ನೊಂದ್ ಯಾಕೆ?’ ಅವಳ ಫೋಟೋ ಮಾತ್ರ ಫಲಕದ ಕೆಳಗೆ ನೇತಾಡುತ್ತಿದೆ, ಕೈಯಿಲ್ಲದ ಹೆಂಗಸಿನ ಹಾಗೆ.

ನಿನ್ನೆ ಹೊಸ ಮುಖ್ಯಸ್ಥರು ನನ್ನನ್ನು ಆ ಫೋಟೋದ ಮುಂದೆ ನಿಲ್ಲಿಸಿ, ‘ನಾಡಿದ್ದು ಸಮಿತಿ ಬರ್ತಿದೆ. ಈ ಹೆಂಗಸನ್ನ ಮತ್ತೆ ಕರೆಸಬೇಕಿತ್ತು, ಯಾರು ಅಂತ ಗೊತ್ತಾ?’ ಅಂದರು.

‘ಗೊತ್ತು ಸಾರ್. ದಿನಾ ಅವಳ ಕೈ ಊಟ ಮಾಡ್ತೀನಿ. ನಮ್ಮಮ್ಮ.’

ಒಂದು ಗಳಿಗೆ ಪೆಚ್ಚಾದರು, ಅಷ್ಟೆ. ‘ಒಳ್ಳೇದೇ ಆಯ್ತು. ಆಟೋ ಕಳಿಸ್ತೀವಿ’ ಅಂದರು.

ಬೈದುಕೊಂಡೇ ಮನೆಗೆ ಬಂದೆ. ವಿಷಯ ಹೇಳಿದರೆ ಅಮ್ಮಿ ಖಂಡಿತ ಒಲ್ಲೆ ಅನ್ನುತ್ತಾಳೆ, ನಾನೂ ಹೋಗಿ ನಾಲ್ಕು ಮಾತು ಬಿಸಿಯಾಗಿ ಹೇಳಬಹುದು ಅಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಕೇಳಿದಳು, ‘ಅದು ಇನ್ನೂ ಓಡ್ತದಾ?’

‘ಓಡುತ್ತೆ.’

‘ಹಂಗಾರೆ ಬತ್ತೀನಿ. ಅವರ ಆಟೋ ಬ್ಯಾಡ. ಲಗೇಜ್ ಆಟೋ ಒಂದು ಹೇಳು.’

ಹೇಳಿದ್ದೇನೆ. ಗಾಜಿನ ಕೋಣೆಯ ಬೀಗ ಸಮಿತಿಗೆಂದು ಅವರೇ ತೆಗೆಯುತ್ತಾರೆ. ಯಂತ್ರ ಹೊರಗೆ ಸಾಗಿಸುವಾಗ ಗೇಟಿನಲ್ಲಿ ಪಾಸ್ ಕೇಳಿದರೆ ಮೂರನೇ ಸಾಲು ತೋರಿಸುತ್ತೇನೆ. ಮಕ್ಕಳಿಗೆಲ್ಲ ಬಾಯಿಪಾಠ ಆಗಿದೆ, ಸಮಿತಿಯ ಎದುರಿಗೇ ಗಟ್ಟಿಯಾಗಿ ಒಪ್ಪಿಸಲಿ. ಇನ್ನು ಹಿಂದೆ ಸರಿಯುವ ಹಾಗೂ ಇಲ್ಲ. ಅಮ್ಮಿ ಆಗಲೇ ಶೆಡ್ಡಿಗೆ ಹೋಗಿ ಒಲೆಯ ಇಟ್ಟಿಗೆ ಕೀಳುತ್ತಿದ್ದಾಳೆ.